ಹಿಂದೆ ನಿಂತವರ ಕೈ

ಗಾಜು ಜಾರಿದರೆ ಹಿಡಿಯಲು ಹೋಗಬಾರದು. ಕೈಯನ್ನೂ ಕಾಲನ್ನೂ ಹಿಂದಕ್ಕೆಳೆದುಕೊಂಡು, ಅದು ಬಿದ್ದು ಒಡೆಯುವವರೆಗೆ ದೂರ ನಿಲ್ಲಬೇಕು. ಕಿಟಕಿ, ಕನ್ನಡಿಗಳಿಗೆ ಗಾಜು ಕತ್ತರಿಸಿ ಕೂರಿಸುವ ಕಸುಬಿನಲ್ಲಿ ಇದೇ ಮೊದಲ ಪಾಠ. ಕತ್ತರಿಸುವ ಮೊನೆ ಕೈಗೆ ಬರುವುದು ಆಮೇಲೆ. ಗಾಜಣ್ಣನವರಿಗೆ ಇದನ್ನು ಕಲಿಸಿದವರು ಅವರ ಸೋದರಮಾವ. ಜಾರಿದ ಗಾಜಿನ ಹಾಳೆಯೊಂದಕ್ಕೆ ಕೈಯೊಡ್ಡಿದ ದಿನದಿಂದ ಆ ಮಾವನ ಎಡಗೈ ಬೆರಳುಗಳು ಮಡಚುತ್ತಿರಲಿಲ್ಲ. ಪಾಠ ಹೇಳುವಾಗ ಅವರು ಆ ಕೈಯನ್ನು ಮೇಜಿನ ಮೇಲೆ ಚಾಚಿ ಇಡುತ್ತಿದ್ದರು.

"ಒಡೆದದ್ದಕ್ಕೆ ಬೇರೆ ಗಾಜು ಬರುತ್ತೆ ಕಣೋ. ಇದಕ್ಕೆ ಬೇರೆ ಬರಲ್ಲ."

ಸೋದರಳಿಯನ ಕೈ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಐವತ್ತರ ಹೊಸ್ತಿಲಲ್ಲಿ ನಾಟಕಕ್ಕೆ ಸೇರಿದಾಗ ಅದೇ ಅವರಿಗೆ ಉರುಳಾಯಿತು.

ಸೇರಿದ್ದು ಗಾಜಿನ ನೆವದಿಂದಲೇ. ಸೈಕಲ್ ಅಂಗಡಿಯ ಮಹಡಿಯ ಮೇಲೆ ಹವ್ಯಾಸಿ ತಂಡವೊಂದರ ತಾಲೀಮು ಕೋಣೆ ಇತ್ತು. ಅಲ್ಲಿ ದೊಡ್ಡ ಕನ್ನಡಿ ಕೂರಿಸಲು ಹೋದವರು, ಕೆಲಸ ಮುಗಿದ ಮೇಲೂ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಅಷ್ಟು ಜನರ ಎದುರು ಮನುಷ್ಯರು ಗಟ್ಟಿಯಾಗಿ ಅಳುವುದನ್ನೂ ಬೈಯುವುದನ್ನೂ ಅವರು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ತಂಡ ನಡೆಸುತ್ತಿದ್ದ ನಿವೃತ್ತ ಮೇಷ್ಟ್ರ ಕಣ್ಣು ಅವರ ಮೇಲೆ ಬಿತ್ತು.

"ನಿಲ್ಲೋದಾದ್ರೆ ಒಳಗೆ ಬಂದು ನಿಂತ್ಕೊಳ್ಳಿ. ಮಾತಾಡೋರು ಬೇಕಾದಷ್ಟು ಜನ ಇದ್ದಾರೆ, ಸುಮ್ಮನೆ ನಿಲ್ಲೋರೇ ಸಿಗ್ತಿಲ್ಲ."

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ನೀವು? ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ ಅಂತ ಕಾಪಾಡ್ಕೊಂಡು ಬಂದಿರೋರು?"

"ಮಾತಿಲ್ಲದ ಪಾರ್ಟು ಕಣೇ."

"ಹಾಗಾದ್ರೆ ಸರಿ. ಅದರ ತಾಲೀಮು ಮನೇಲಿ ಮದುವೆ ಆದಾಗಿನಿಂದ ನಡೀತಿದೆ."

ಪಾತ್ರ ಸಣ್ಣದು. ಕೆಟ್ಟ ಸುದ್ದಿ ಕೇಳಿದ ತಂಗಿ ಬವಳಿ ಬಂದು ಹಿಂದಕ್ಕೆ ಬೀಳುತ್ತಾಳೆ. ಬೆನ್ನ ಹಿಂದಿರುವ ಅಣ್ಣ ಅವಳನ್ನು ಹಿಡಿದುಕೊಳ್ಳುತ್ತಾನೆ. ತಂಗಿಯ ಪಾತ್ರ ವಹಿಸಿದ್ದವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಮಹಿಳೆ, ಊರಿಗೆಲ್ಲ ಪೋಸ್ಟಕ್ಕ. ರಂಗದ ಮೇಲೆ ಕಾಲಿಟ್ಟದ್ದು ಅವರಿಗೂ ಇದೇ ಮೊದಲು.

ಮೊದಲ ತಾಲೀಮಿನಲ್ಲಿ ಪೋಸ್ಟಕ್ಕ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು ಹಿಂದಕ್ಕೆ ವಾಲಿದರು. ಆಮೇಲೆ ನಡೆದದ್ದರಲ್ಲಿ ಗಾಜಣ್ಣನವರ ನೆನಪಿನಲ್ಲಿ ಉಳಿದದ್ದು ತಾವೇ ಕೂರಿಸಿದ ಕನ್ನಡಿಯಲ್ಲಿ ಕಂಡ ತಮ್ಮ ಎರಡು ಕೈಗಳು. ಅವು ಭುಜಕ್ಕಿಂತ ಮೇಲೆ, ಅಂಗೈ ಬಿಚ್ಚಿಕೊಂಡು ನಿಂತಿದ್ದವು. ಕಾಲು ಒಂದು ಹೆಜ್ಜೆ ಹಿಂದೆ ಸರಿದಿತ್ತು. ಹಲಗೆಯ ನೆಲದ ಮೇಲೆ ದೇಹ ಬಿದ್ದ ಸದ್ದು ಆಮೇಲೆ ಕೇಳಿಸಿತು. ತಮಾಷೆಯೆಂದು ಯಾರೋ ನಕ್ಕರು. ಪೋಸ್ಟಕ್ಕ ಮಣಿಕಟ್ಟು ಹಿಡಿದುಕೊಂಡು ಮುದುಡಿದ್ದನ್ನು ಕಂಡು ನಗು ಅಲ್ಲಿಗೇ ನಿಂತಿತು.

"ಕೈ ಯಾಕೆ ತೆಗೆದ್ರಿ?" ಎಂದು ಮೇಷ್ಟ್ರು ಕೇಳಿದರು.

"ನಾನು ತೆಗೀಲಿಲ್ಲ" ಎಂದರು ಗಾಜಣ್ಣ. ಅದು ನಿಜವಾಗಿತ್ತು. ಅವರನ್ನು ನಡುಗಿಸಿದ್ದೂ ಅದೇ.

ನಾಲ್ಕು ಜನರ ಎದುರು ನಗೆಪಾಟಲಾಗುವ ಅಂಜಿಕೆ ಅವರಿಗೆ ಮೊದಲಿಂದಲೂ ಇತ್ತು. ಈಗ ಅದು ಎಲ್ಲಿಯೋ ಅಡಗಿ, ಅದರ ಜಾಗದಲ್ಲಿ ಬೇರೊಂದು ಭಯ ಬಂದು ಕುಳಿತಿತು: ಈ ಕೈಗಳು ತಮ್ಮವಲ್ಲ, ತಮ್ಮನ್ನು ಕೇಳದೆ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಎಂದಿನಂತೆ ನೆಟ್ಟಗೆ ಗೆರೆ ಎಳೆಯುತ್ತಿದ್ದವು. ಆದರೆ ರಸ್ತೆಯಲ್ಲಿ, ತಮ್ಮ ಮುಂದೆಯೇ ಯಾರಾದರೂ ಮುದುಕರು ಬಸ್ಸಿನಿಂದ ಇಳಿಯುತ್ತಿದ್ದರೆ, ಗಾಜಣ್ಣನವರ ಬೆನ್ನು ತಣ್ಣಗಾಗುತ್ತಿತ್ತು. ಅವರು ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು.

ಒಂದು ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಈ ಸಲ ಹಾಸ್ಯ ಮಾಡಲಿಲ್ಲ.

"ನಮ್ಮ ಮಗಳು ಕೂಸಾಗಿದ್ದಾಗ ನೀವು ಯಾವತ್ತೂ ನಿಂತು ಎತ್ತಿಕೊಂಡವರಲ್ಲ. ನೆಲದ ಮೇಲೆ ಕೂತು, 'ತಂದು ಮಡಿಲಲ್ಲಿ ಹಾಕು' ಅಂತಿದ್ರಿ. ನಾನೋ, ನಿಮಗೆ ಬೆನ್ನುನೋವು ಅಂದ್ಕೊಂಡಿದ್ದೆ."

ತಾವೂ ಹಾಗೆಯೇ ಅಂದುಕೊಂಡಿದ್ದುದು ಗಾಜಣ್ಣನವರಿಗೆ ನೆನಪಾಯಿತು.

ಮರುದಿನ ಅವರು ನಾಟಕ ಬಿಡುವುದೆಂದು ನಿಶ್ಚಯಿಸಿ, ಕ್ಷಮೆ ಕೇಳಲು ಅಂಚೆ ಕಚೇರಿಗೆ ಹೋದರು. ಪೋಸ್ಟಕ್ಕ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದರಿಂದ ಠಸ್ಸೆ ಒತ್ತುತ್ತಿದ್ದರು.

"ತಪ್ಪಾಯ್ತಕ್ಕ. ನನ್ನ ಜಾಗಕ್ಕೆ ಬೇರೆಯವರನ್ನ ಹಾಕ್ಕೊಳ್ಳಿ."

"ಹಾಕಿ ನೋಡಾಯ್ತು" ಎಂದರು ಆಕೆ, ತಲೆಯೆತ್ತದೆ. "ಮೇಷ್ಟ್ರೇ ಹಿಂದೆ ನಿಂತ್ರು. ವಾಲೋಕೆ ಹೋದ್ರೆ ಮೊಣಕಾಲು ತಾನಾಗೇ ಮಡಚಿ ಕೂತ್ಬಿಡ್ತೀನಿ. ಯಾರು ನಿಂತ್ರೂ ಅಷ್ಟೆ. ಮನೇಲಿ ಮಂಚದ ಮೇಲೆ ಹಿಂದಕ್ಕೆ ಒರಗೋಕೂ ಹೆದರಿಕೆ ಆಗ್ತಿದೆ." ಇನ್ನೆರಡು ಠಸ್ಸೆ ಬಿದ್ದವು. "ಬೀಳಿಸಿದವರೇ ಹಿಡಿದು ತೋರಿಸ್ಬೇಕು ಅಣ್ಣ. ಇಲ್ದಿದ್ರೆ ಇದು ನನ್ನ ಬಿಟ್ಟು ಹೋಗಲ್ಲ."

"ಮತ್ತೆ ಕೈ ಹೋದ್ರೆ?"

"ಇನ್ನೊಂದು ಕೈ ಇದೆಯಲ್ಲ" ಎಂದು ಅವರು ಸರಿಯಿದ್ದ ಕೈ ಎತ್ತಿ ತೋರಿಸಿದರು. ನಗಲಿಲ್ಲ.

ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದ್ದರಿಂದ ಗಾಜಣ್ಣ ಪಕ್ಕಕ್ಕೆ ಸರಿದರು.

ಭಾನುವಾರ ಗಾಜಣ್ಣ ಮಹಡಿಯ ಮೆಟ್ಟಿಲು ಹತ್ತತೊಡಗಿದರು. ಅರ್ಧಕ್ಕೆ ನಿಂತು ಕೈಗಳನ್ನು ನೋಡಿಕೊಂಡರು. ತುಂಡೊಂದು ಬೀಳುವಾಗ ಇವನ್ನು ನಂಬುವಂತಿಲ್ಲ. ಆದರೆ ಒಮ್ಮೆ ಹಾಳೆಯ ಅಂಚಿಗೆ ಬೆರಳು ಕೂತಿತೆಂದರೆ, ಬೆವರು ಕಣ್ಣಿಗಿಳಿದರೂ, ಕಾಲಿಗೆ ಮೊಳೆ ಚುಚ್ಚಿದರೂ, ಇಳಿಸುವ ಜಾಗ ಸಿಗುವ ತನಕ ಇವು ಬಿಟ್ಟದ್ದಿಲ್ಲ.

ಪೋಸ್ಟಕ್ಕ ಬೆನ್ನು ಮಾಡಿ ನಿಂತಿದ್ದರು. ಅವರ ಕುತ್ತಿಗೆಯ ನರ ಬಿಗಿದದ್ದು ಕಾಣುತ್ತಿತ್ತು.

"ಅಕ್ಕ, ಬೀಳೋದನ್ನ ಹಿಡಿಯೋದು ನನ್ನ ಕೈಗೆ ಬರಲ್ಲ" ಎಂದರು ಗಾಜಣ್ಣ. ಆ ಕೋಣೆಯಲ್ಲಿ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. "ಹಿಡಿದದ್ದನ್ನ ಬಿಡೋದೂ ಬರಲ್ಲ. ಮೊದಲೇ ಹಿಡ್ಕೋತೀನಿ. ಆಮೇಲೆ ಬೀಳಿ."

ಎರಡೂ ಅಂಗೈಗಳನ್ನು ಅವರ ಭುಜದ ಹಿಂದೆ ಊರಿದರು. ಆಕೆ ನಡುಗುತ್ತಿದ್ದುದು ಅಂಗೈಗೆ ತಿಳಿಯಿತು. ತಮ್ಮ ನಡುಕವೂ ಆಕೆಗೆ ತಿಳಿದಿರಲೇಬೇಕು. ಪೋಸ್ಟಕ್ಕ ಸ್ವಲ್ಪ ವಾಲಿ, ಮೊಣಕಾಲು ಮಡಚಿದರು. ಮತ್ತೆ ನಿಂತರು. ಮತ್ತೆ ವಾಲಿದರು. ಈ ಸಲ ಮೊಣಕಾಲು ಮಡಚಲಿಲ್ಲ. ಭಾರ ಕೈಗೆ ಬಂತು, ಕೈ ನಿಂತಿತು.

"ಒಂದು ಬೆರಳಿನಷ್ಟು ಸಂದು ಬಿಡ್ರಪ್ಪ" ಎಂದರು ಮೇಷ್ಟ್ರು.

ಬೆರಳಿನಷ್ಟೇ ಸಂದು. ಗಾಜಣ್ಣ ಅಂಗೈಗಳನ್ನು ಬೆನ್ನಿನಿಂದ ಬೇರ್ಪಡಿಸಿದರು. ಪೋಸ್ಟಕ್ಕ ವಾಲಿದರು. ಕೈಗಳು ಮೇಲಕ್ಕೆ ಜಗ್ಗಿದವು. ಗಾಜಣ್ಣನವರಿಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ಹಿಮ್ಮಡಿಯೂ ಎದ್ದಿತು. ಅಷ್ಟರಲ್ಲಿ ಬೆನ್ನು ಅಂಗೈಗೆ ತಾಕಿಬಿಟ್ಟಿತ್ತು. ತಾಕಿದ ಮೇಲೆ ಬೆರಳುಗಳು ಕಚ್ಚಿಕೊಂಡವು. ಭಾರ ತಡೆಯಲಾರದೆ ಅವರು ಆಕೆಯ ಸಮೇತ ನೆಲಕ್ಕೆ ಕುಸಿದರು, ಮೊಣಕಾಲು ತರಚಿತು, ಆದರೆ ಕೈ ಬಿಡಲಿಲ್ಲ.

"ಎಲ್ಲಿ ಇಳಿಸಲಿ?" ಎಂದು ಕೇಳಿದರು.

"ಇಲ್ಲೇ, ನೆಲಕ್ಕೇ ಬಂದಾಗಿದೆ ಮಾರಾಯರೇ" ಎಂದರು ಪೋಸ್ಟಕ್ಕ, ಕಣ್ಣು ಮುಚ್ಚಿಕೊಂಡೇ. "ಇನ್ನು ಸ್ವಲ್ಪ ಹೊತ್ತು ಬಿಡಬೇಡಿ."

ಅವರು ಬಿಡಲಿಲ್ಲ. ಮೇಷ್ಟ್ರು ಹತ್ತಿರ ಬಂದು ಬಗ್ಗಿ ಇಬ್ಬರ ಮುಖವನ್ನೂ ನೋಡಿ, ಮುಂದಿನ ವಾರ ಒಂದು ಗೇಣು ಸಂದು ಎಂದು ಮೆಲ್ಲಗೆ ಹೇಳಿದರು. ಗಾಜಣ್ಣ ಹೂಂ ಎಂದರು. ಎದೆ ಆಗಲೇ ಹೊಡೆದುಕೊಳ್ಳತೊಡಗಿತ್ತು.