ಬರಿಹಣೆಯ ಬಿಲ್ಲು

“ನಿಮ್ಮ ಬಿಲ್ ಸಿಸ್ಟಮ್ ತಗೊಳ್ತಿಲ್ಲ ಸಾರ್, ಏನೋ ಕಲೆ ಇದೆಯಂತೆ” ಎಂದರು ವೈಟ್‌ಫೀಲ್ಡ್ ಕಂಪನಿಯೊಂದರ ಅಕೌಂಟ್ಸ್ ಮೇಡಂ. ಪೀಣ್ಯದಲ್ಲಿ ಬೋಲ್ಟು ಮಾಡುವ ನಾನು ಎಂದಿನಂತೆ ಹೊಸ ಬಿಲ್ ಬುಕ್ಕಿನ ಮೊದಲ ಹಾಳೆಗೆ ಅರಿಶಿನ ಕುಂಕುಮ ಹಚ್ಚಿದ್ದೆ; ಅದೇ ಹಾಳೆ ಇವರಿಗೆ ಬಂದಿತ್ತು. ಅವರಲ್ಲಿ ಈಗ ಬಿಲ್ಲು ಓದುವುದು, ಹಣ ಹಾಕುವುದು ಎಲ್ಲವೂ ಯಂತ್ರದ್ದೇ ಕೆಲಸ. ಮನುಷ್ಯರಿಗೆ ಉಳಿದಿರುವುದು “ಸಾರಿ” ಎನ್ನುವುದೊಂದೇ.

“ಇದೆಲ್ಲ ಹಚ್ಚಬೇಡಿ ಸಾರ್, ಮೆಷೀನ್‌ಗೆ ಅರ್ಥ ಆಗಲ್ಲ” ಎಂದು ಬುದ್ಧಿಯನ್ನೂ ಹೇಳಿದರು.

ಅವರ ಮೇಜಿನ ಮೇಲೇ ಬೇರೆ ಬಿಲ್ಲು ಬರೆದುಕೊಟ್ಟೆ. ಮೇಡಂ ಅದನ್ನು ಸ್ಕ್ಯಾನರಿಗೆ ಹಾಕಿದಾಗ ಆ ಯಂತ್ರವನ್ನು ಸರಿಯಾಗಿ ನೋಡಿದೆ. ಆಯುಧಪೂಜೆಯಲ್ಲಿ ಎಳೆದ ಮೂರು ಪಟ್ಟೆ ವಿಭೂತಿ, ನಡುವೆ ಕಾಸಗಲ ಕುಂಕುಮ ಇನ್ನೂ ಮಾಸಿರಲಿಲ್ಲ.

ಈಗ ನನ್ನ ಬಿಲ್ಲುಗಳು ಬರಿಹಣೆಯಲ್ಲೇ ಹೋಗುತ್ತವೆ. ಅಲ್ಲಿ ಕುಂಕುಮ ಇಟ್ಟುಕೊಳ್ಳುವ ಯೋಗ್ಯತೆ ಯಂತ್ರಕ್ಕೆ ಮಾತ್ರ.