ಹನ್ನೊಂದು ನಿಮಿಷದ ಸಿಡಿ

ನನ್ನ ಮೈದುನ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಅದಕ್ಕೂ ಮೊದಲು ಇಪ್ಪತ್ತು ವರ್ಷ ರೇಡಿಯೋ. ಅವನು ತೀರಿಹೋಗಿ ಎರಡು ವರ್ಷವಾಯಿತು. ಜನ ಅವನನ್ನು ‘ನಿಧಾನಪ್ಪ’ ಎಂದೇ ಕರೆಯುತ್ತಿದ್ದರು. ಬಿಚ್ಚಿದ ಒಂದೊಂದು ತಿರುಪನ್ನೂ ಬಟ್ಟೆಯ ಮೇಲೆ, ಅದು ಪೆಟ್ಟಿಗೆಯಲ್ಲಿ ಇದ್ದ ಜಾಗದಂತೆಯೇ ಜೋಡಿಸಿಡುವವನು.

ಐವತ್ತಾಗುವ ಹೊತ್ತಿಗೆ ಅವನ ಕಿವಿ ಹೋಗಿತ್ತು. ಮುಖ ನೋಡಿ, ತುಟಿ ಓದಿ ಮಾತು ಹಿಡಿಯುತ್ತಿದ್ದ. ಯಂತ್ರಕ್ಕೆ ತುಟಿ ಎಲ್ಲಿಂದ ಬರಬೇಕು? ಅದಕ್ಕೆ ನಾನಿದ್ದೆ. ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರಿಗೆ ಹೊದಿಸುವ ಗವಸು ಹೊಲಿಯುತ್ತ, ಅವನು ಕೇಳಿದಾಗ ಕಿವಿಗೊಡುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಕೇಳುವುದಕ್ಕೆ ಅಷ್ಟೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಮುದ್ರಣಾಲಯದವರ ಹೆಂಡತಿ ಕಂಪ್ಯೂಟರ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದರು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

“ಇದ್ರಲ್ಲಿ ಅವರ ಧ್ವನಿ ಇದೆ. ಹನ್ನೊಂದು ನಿಮಿಷ. ಬೇರೆ ಎಲ್ಲೂ ಇಲ್ಲ. ಸಿಡಿ ಬರೆಯೋ ಡ್ರೈವ್ ಇದಕ್ಕೇ ಕೂರಿಸಿ, ಮೊದಲು ಅದನ್ನ ತೆಗೆದುಕೊಡಿ.”

ಮೈದುನ ಸ್ವಿಚ್ ಹಾಕಿ ನನ್ನ ಕಡೆ ತಿರುಗಿದ. “ಸದ್ದು ಹೇಗಿದೆ ಅತ್ತಿಗೆ?”

“ಟಕ್ ಟಕ್ ಅಂತಿದೆ. ಮಧ್ಯೆ ಮಧ್ಯೆ ಉಸಿರು ಕಟ್ಟಿದ ಹಾಗೆ ನಿಲ್ತಿದೆ.”

ತಕ್ಷಣ ಆರಿಸಿದ. ಧ್ವನಿ ಇದ್ದ ಹಾರ್ಡ್ ಡಿಸ್ಕಿಗೆ ಹೆಚ್ಚು ದಿನವಿಲ್ಲ ಎಂದು ಅವನ ಮುಖವೇ ಹೇಳಿತು.

ಮುಂಭಾಗದ ಮುಚ್ಚಳ ತೆಗೆದು ಬರ್ನರನ್ನು, ಅಂದರೆ ಸಿಡಿ ಬರೆಯುವ ಡ್ರೈವನ್ನು, ಒಳಕ್ಕೆ ತಳ್ಳಿದ. ನಾಲ್ಕು ತಿರುಪು ಬಿಗಿದ. ಹಾರ್ಡ್ ಡಿಸ್ಕಿಗೆ ಹೋಗುತ್ತಿದ್ದ ಅಗಲ ಪಟ್ಟಿಯ ವೈರಿನಲ್ಲೇ ಇದಕ್ಕೂ ಒಂದು ಕೊಂಡಿ ಕೊಟ್ಟ. ಮತ್ತೆ ಹಚ್ಚಿದರೆ ಪರದೆಯ ಮೇಲೆ ಬರ್ನರೂ ಇಲ್ಲ, ಹಾರ್ಡ್ ಡಿಸ್ಕೂ ಇಲ್ಲ.

“ಹೋಗೇಬಿಡ್ತಾ?” ಆಕೆ ಪರದೆಯ ಹತ್ತಿರಕ್ಕೆ ಬಾಗಿದರು.

“ಇಲ್ಲ ತಾಯಿ. ಒಂದೇ ಒರೇಲಿ ಎರಡು ಕತ್ತಿ. ಇಬ್ಬರೂ ನಾನೇ ಯಜಮಾನ ಅಂತ ಕೂತಿದ್ದಾರೆ.” ಬರ್ನರಿನ ಬೆನ್ನಿಗಿದ್ದ ಕಾಳಿನಷ್ಟು ಸಣ್ಣ ಪ್ಲಾಸ್ಟಿಕ್ ತುಣುಕನ್ನು ಚಿಮಟದಿಂದ ಕಿತ್ತು ಪಕ್ಕದ ಕಡ್ಡಿಗಳಿಗೆ ಸಿಕ್ಕಿಸಿ, ಬರ್ನರನ್ನು ಎರಡನೆಯವನನ್ನಾಗಿ ಮಾಡಿದ. ಈಗ ಎರಡೂ ಕಂಡವು.

“ಯಜಮಾನಿಕೆ ಬಿಡು ಅಂದ್ರೆ ನಿಮ್ಮಣ್ಣ ಒಂದಿನಾನೂ ಇಷ್ಟು ಬೇಗ ಬಿಟ್ಟಿದ್ದಿಲ್ಲ,” ಎಂದೆ. ಆಕೆಗೂ ನಗು ಬಂತು.

ಬರೆಯುವ ವೇಗವನ್ನು ಎಲ್ಲಕ್ಕಿಂತ ಕಡಿಮೆಗೆ ಇಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಅವನ ಮಂತ್ರ. ಸಿಡಿ ಬರೆಯುವಾಗ ಮೇಜು ಅಲುಗಬಾರದೆಂದು ನನ್ನ ಹೊಲಿಗೆ ಯಂತ್ರ ನಿಲ್ಲಬೇಕು, ಯಾರೂ ಎದ್ದು ಓಡಾಡಬಾರದು. ಮೂವರೂ ಗೊಂಬೆಗಳಂತೆ ಕೂತೆವು.

ಯಾರಾದರೂ ಪೂರ್ತಿ ಕೇಳದೆ ಅವನು ಸಿಡಿ ಕೊಡುತ್ತಿರಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಹಾಕಿ ನಾನು ಹನ್ನೊಂದು ನಿಮಿಷವೂ ಕೇಳಿದೆ. ಹೊಸ ಮೈಕಿನ ಮುಂದೆ ಆ ಮನುಷ್ಯ ಹೆಂಡತಿಯನ್ನು ಕಾಡಿಸುತ್ತಿದ್ದರು, ಅಷ್ಟೇ. “ಪೂರ್ತಿ ಇದೆ,” ಎಂದೆ. ಆಕೆ ಕಂಪ್ಯೂಟರನ್ನು ನಮ್ಮಲ್ಲೇ ಬಿಟ್ಟು ಸಿಡಿ ತೆಗೆದುಕೊಂಡು ಹೋದರು. ಸಂಜೆಯೊಳಗೆ ಹಾರ್ಡ್ ಡಿಸ್ಕ್ ಕಿರ್ ಎಂದು ನಿಂತಿತು. ಮತ್ತೆ ಏಳಲಿಲ್ಲ.

ಮರುದಿನ ಅಂಗಡಿ ತೆರೆಯುವ ಮೊದಲೇ ಆಕೆ ಬಾಗಿಲಲ್ಲಿದ್ದರು. “ನಮ್ಮ ಪ್ಲೇಯರಲ್ಲಿ ಬರ್ತಾನೇ ಇಲ್ಲ. ಸಿಡಿ ಖಾಲಿ ಅಂತಿದೆ.”

ಏನಾಗಿದೆಯೆಂದು ಮೈದುನನಿಗೆ ಆಗಲೇ ಹೊಳೆಯಿತು. ಜಾಗ ಉಳಿದಿದ್ದರೆ ಸಿಡಿಗೆ ‘ಇಲ್ಲಿಗೆ ಮುಗಿಯಿತು’ ಎನ್ನುವ ಕೊನೆಯ ಮುದ್ರೆ ಹಾಕದೆ ಬಿಡುವುದು ಅವನ ಅಭ್ಯಾಸ, ಮುಂದೆ ಇನ್ನೇನಾದರೂ ತುಂಬಿಸಿಕೊಳ್ಳಲಿ ಎಂದು. ದಾರದ ತುಂಡನ್ನೂ ಎಸೆಯದ ಮನೆ ನಮ್ಮದು. ಆದರೆ ಮುದ್ರೆ ಇಲ್ಲದ ಧ್ವನಿ ಸಿಡಿಯನ್ನು ಬರೆದ ಡ್ರೈವ್ ಓದೀತು, ಮನೆಯ ಪ್ಲೇಯರ್ ಓದದು. ನಾನು ಕೇಳಿದ್ದೂ ಬರೆದ ಡ್ರೈವಿನಲ್ಲೇ. ತಪ್ಪು ಇಬ್ಬರದೂ.

“ಇನ್ನು ಅದನ್ನ ಓದಿದ್ರೆ ಆ ಬರ್ನರೇ ಓದ್ಬೇಕು ತಾಯಿ. ಓದುತ್ತೆ ಅಂತ ಸುಳ್ಳು ಭರವಸೆ ಕೊಡಲ್ಲ,” ಎಂದ. ಸತ್ತ ಕಂಪ್ಯೂಟರಿನಿಂದ ಬರ್ನರ್ ಬಿಚ್ಚಿ ಅಂಗಡಿಯ ಕಂಪ್ಯೂಟರಿಗೆ ಕೂರಿಸಿದ. ಆ ದಿನ ಮೊದಲ ಸಲ ಅವನ ಕೈಯಿಂದ ತಿರುಪೊಂದು ಜಾರಿ ಬಿತ್ತು. ಸಿಡಿ ಹಾಕಿ, ಹೆಡ್‌ಫೋನನ್ನು ನನ್ನ ಕಿವಿಗೆ ತಾನೇ ಇಟ್ಟ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗಂಡಸಿನ ಕೆಮ್ಮು ಕೇಳಿಸಿತು. ನಾನು ತಲೆಯಾಡಿಸಿದೆ.

ಧ್ವನಿಯನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡು, ಹೊಸ ಸಿಡಿಗೆ ಬರೆದು, ಈ ಸಲ ಮುದ್ರೆ ಹಾಕಿದ. “ಇಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ನಿಮ್ಮ ಮನೇಲಿ ಕೇಳ್ಬೇಕು,” ಎಂದು ಅಂಗಡಿಗೆ ಬೀಗ ಹಾಕಿದ.

ಆಕೆಯ ಮನೆಯಲ್ಲಿ ಪ್ಲೇಯರ್ ಕಿಟಕಿಯ ಪಕ್ಕದ ಕಪಾಟಿನ ಮೇಲಿತ್ತು. ಮೈದುನ ಬಾಗಿಲ ಬಳಿಯೇ ನಿಂತು ಆಕೆಯ ಮುಖವನ್ನೇ ನೋಡುತ್ತಿದ್ದ. ಸಿಡಿ ತಿರುಗಿತು. ಕೆಮ್ಮು. ಆಮೇಲೆ, “ಏನೇ, ಕೇಳಿಸ್ತಿದ್ಯಾ?” ಅದರಲ್ಲೇ, ಅಡುಗೆಮನೆಯಿಂದ ಆಕೆಯದೇ ಹಳೆಯ ಧ್ವನಿ, “ಹಾಲು ಉಕ್ಕತ್ತೆ, ಸುಮ್ನಿರಿ!” ಮತ್ತೆ ಗಂಡ, “ಕೇಳಿಸ್ತಿದ್ಯಾ ಅಂದೆ?”

ಆಕೆ ಪ್ಲೇಯರಿನ ಕಡೆಗೆ ಬಾಗಿ, ಮೆಲ್ಲಗೆ, “ಕೇಳಿಸ್ತಿದೆ,” ಎಂದರು.

ಆ ತುಟಿಗಳನ್ನು ಮೈದುನ ಓದಿದ. ತನಗೇ ಹೇಳಿದರೆಂದುಕೊಂಡು ಎರಡೂ ಕೈ ಜೋಡಿಸಿ, ಹೊಸ್ತಿಲ ಮೇಲೆ ಕೂತುಬಿಟ್ಟ. ನಾನು ಅವನನ್ನು ತಿದ್ದಲಿಲ್ಲ.