ಪಿಸುದನಿಗೆ ಬಿದ್ದ ಹಳದಿ

ಕಾಲಡಿಯ ಪೆಡಲ್ ಒತ್ತಿ, ದೃಶ್ಯವನ್ನು ಹಿಂದಕ್ಕೋಡಿಸಿ, ಆಕೆ ಮೂರನೇ ಕಂತಿನ ಅದೇ ನಾಲ್ಕು ಸೆಕೆಂಡನ್ನು ಏಳನೇ ಸಲ ಕೇಳುತ್ತಿದ್ದಳು. ಮುಚ್ಚಿದ ಬಾಗಿಲ ಹಿಂದೆ ಯಾರೋ ಪಿಸುಗುಟ್ಟುವ ಮಾತು. ಅದನ್ನು ಎರಡೇ ಸಾಲಿಗೆ ಇಳಿಸಿ, ಓದಿ ಮುಗಿಯುವ ಮೊದಲು ಮಾಯವಾಗದಂತೆ ಪರದೆಯ ಕೆಳಗೆ ಕೂರಿಸಬೇಕು. ಕಿವಿ ಕೇಳದ ವೀಕ್ಷಕರಿಗಾಗಿ ಟಿವಿ ಧಾರಾವಾಹಿಗಳ ಮಾತನ್ನು ಅಕ್ಷರಕ್ಕಿಳಿಸುವ ಈ ಕೆಲಸಕ್ಕೆ ಸೇರಿ ಆಕೆಗೆ ಒಂಬತ್ತು ವರ್ಷ. ಮಾತಷ್ಟೇ ಅಲ್ಲ, ಬಾಗಿಲ ಕಿರುಗುಟ್ಟುವಿಕೆಯನ್ನೂ ಬರೆಯಬೇಕು. ಮನೆಯಲ್ಲಿ ಗಂಡ ಉಸ್ಸೆಂದರೆ ಸಾಕು, ಮಗಳು “ಅಪ್ಪನ ನಿಟ್ಟುಸಿರು, ಪಾತ್ರೆ ತೊಳೆಯೋ ಸರದಿ” ಎಂದು ಪರದೆಯ ಅಕ್ಷರ ಓದುವವಳಂತೆ ರಾಗ ಎಳೆಯುತ್ತಾಳೆ.

ಹನ್ನೆರಡೂವರೆಗೆ ಮೇಷ್ಟ್ರು ದಡಬಡ ಒಳಗೆ ಬಂದರು. ನಿವೃತ್ತಿಯ ಹೊತ್ತಿಗೆ ಕಿವಿ ಪೂರ್ತಿ ಕೈಕೊಟ್ಟಿದ್ದ ಅವರು ಇಲ್ಲಿ ಪರೀಕ್ಷಕರು. ಆಕೆ ಈ ಕೊಲೆ ಧಾರಾವಾಹಿಯ ಹನ್ನೆರಡು ಕಂತನ್ನೂ ಮೊದಲೇ ನೋಡಿ ಬರೆಯಲು ಕೂರುತ್ತಾಳೆ. ಅವರು ಮಾತ್ರ ಕಥೆ ಗೊತ್ತಿಲ್ಲದ ವೀಕ್ಷಕರಂತೆ ಒಂದೊಂದೇ ಕಂತು ಓದುತ್ತಾ ನೋಡಬೇಕು. ಅಂದು ನೋಡಿದ್ದು ಆಕೆ ಬರೆದು ಮುಗಿಸಿದ್ದ ಎರಡನೆಯದು.

“ಅಲ್ಲಮ್ಮಾ ತಾಯಿ, ಇಷ್ಟು ಬೇಗ ಕೊಲೆಗಾರನ ಜುಟ್ಟು ತಂದು ನನ್ನ ಕೈಗಿಟ್ಟೆಯಲ್ಲ! ಆ ಡಾಕ್ಟರಮ್ಮನ ಭಾವನೇ ತಾನೆ?”

ಆಕೆ ಪೆಡಲಿನಿಂದ ಕಾಲು ತೆಗೆದಳು. ಹೆಸರು ಹಾಕದೆ ‘ಪಿಸುದನಿ’ ಎಂದಷ್ಟೇ ಬರೆದಿದ್ದಳಲ್ಲ! ಪರದೆಯ ಮೇಲೆ ದಪ್ಪಕ್ಷರದಲ್ಲಿ ಟೈಪು ಮಾಡಿ ತೋರಿಸಿದಳು: “ಹೇಗೆ ಗೊತ್ತಾಯ್ತು ಸಾರ್?”

“ಹಳದಿ! ಹಳದಿ ಅಕ್ಷರದಲ್ಲಿ ಮಾತಾಡೋನು ಅವನೊಬ್ಬನೇ. ಪಾಪ, ಬಾಗಿಲ ಹಿಂದೆ ಬಚ್ಚಿಟ್ಕೊಂಡಿದಾನೆ. ಅವನ ಅಂಗಿ ಮಾತ್ರ ನೀನು ಹೊರಗೆ ನೇತುಹಾಕಿದೀಯ.”

ಯಾರು ಮಾತಾಡುತ್ತಿದ್ದಾರೆಂದು ತಿಳಿಯಲು ಮುಖ್ಯ ಪಾತ್ರಗಳಿಗೆ ಒಂದೊಂದು ಬಣ್ಣ. ಡಾಕ್ಟರಿಗೆ ಹಸಿರು, ಭಾವನಿಗೆ ಹಳದಿ, ಮಿಕ್ಕವರಿಗೆ ಬಿಳಿ. ಪಿಸುಗುಟ್ಟುವ ಕೊಲೆಗಾರ ಯಾರೆಂದು ಗೊತ್ತಿದ್ದ ಆಕೆಯ ಕೈ ತನ್ನಷ್ಟಕ್ಕೆ ಹಳದಿ ಒತ್ತಿತ್ತು. ಕಡತ ಮಧ್ಯಾಹ್ನ ಎರಡರೊಳಗೆ ಚಾನೆಲ್‌ಗೆ ಹೋಗಬೇಕು, ಸಂಜೆ ಏಳಕ್ಕೆ ಪ್ರಸಾರ. ಹೀಗೇ ಹೋದರೆ ಕಿವಿ ಕೇಳುವವರು ಇನ್ನೂ ಹತ್ತು ಕಂತು ತಲೆ ಕೆರೆದುಕೊಳ್ಳುತ್ತಾರೆ. ಓದುವವರಿಗೆ ಇವತ್ತೇ ಗುಟ್ಟು ರಟ್ಟು.

ಹಳದಿಯನ್ನೆಲ್ಲ ಒಟ್ಟಿಗೆ ಬದಲಿಸುವಂತಿರಲಿಲ್ಲ. ಭಾವ ಎದುರಿಗೆ ನಿಂತು ಆಡಿದ ಮಾತೂ ಬೆಳ್ಳಗಾಗಿಬಿಡುತ್ತದೆ. ನೂರಾ ಹತ್ತು ಹಳದಿ ಸಾಲುಗಳಲ್ಲಿ ಹದಿನಾಲ್ಕು ಪಿಸುಮಾತುಗಳನ್ನು ಒಂದೊಂದಾಗಿ ಹೆಕ್ಕಿ ಬಿಳಿ ಮಾಡಿದಳು. ಮೇಷ್ಟ್ರು ಊಟದ ಡಬ್ಬಿ ಬದಿಗಿಟ್ಟು ಮತ್ತೆ ಮೊದಲಿನಿಂದ ನೋಡಿದರು.

“ಒಂದು ಉಳಿದಿದೆ. ಮೆಟ್ಟಿಲ ಹತ್ರ.”

ಅದೂ ಬಿಳಿಯಾಯಿತು. ಒಂದು ಐವತ್ತಕ್ಕೆ ಕಡತ ಹೋಯಿತು.

“ಊರೋರ ಮಜಾ ಉಳೀತು, ನನ್ನ ಮಜಾ ಹೋಯ್ತು,” ಎಂದು ಮೇಷ್ಟ್ರು ಡಬ್ಬಿ ಬಿಚ್ಚಿದರು. “ನನಗೊಂದು ನಗೋ ಧಾರಾವಾಹಿ ಕೊಡು ಮಾರಾಯ್ತಿ, ಇದನ್ನ ಇನ್ನು ಯಾರಿಗಾದ್ರೂ ತೋರಿಸು.”

ಗುಟ್ಟು ಗೊತ್ತಾದವರು ಪರೀಕ್ಷಕರಾಗುವಂತಿಲ್ಲ. ಉಳಿದ ಹತ್ತು ಕಂತುಗಳನ್ನು ನೋಡಲು ಕಚೇರಿಯ ಸ್ವಾಗತಕಾರಿಣಿಯ ಅತ್ತೆ, ಅವರಿಗೂ ಕಿವಿ ಕೇಳಿಸದು, ನಾಳೆ ಹನ್ನೊಂದು ಗಂಟೆಗೆ ಬರುತ್ತಾರೆ.